ಅಪ್ಪಾಜಿಯ ಪೇಸ್‌ಮೇಕರ್ ಓಡಾಟದ ಲೆಕ್ಕ ಇಡುತ್ತದಂತೆ, ನಂಬಬಹುದಾ?

ದಾವಣಗೆರೆ_ಮಗಳು:
ಅಪ್ಪಾಜಿಗೆ 76 ವರ್ಷ, ಪೇಸ್‌ಮೇಕರ್ ಇದೆ. ಮೊನ್ನೆ ಚೆಕಪ್‌ನಲ್ಲಿ ಅದರ ರಿಪೋರ್ಟ್ ತೆಗೆದು, ದಿನಕ್ಕೆ ಒಂದು ಗಂಟೆಯೂ ಓಡಾಡುತ್ತಿಲ್ಲ ಅಂದರು. ಅಪ್ಪಾಜಿಗೆ ಸಿಟ್ಟೇ ಬಂತು. ದಿನಾ ಬೆಳಿಗ್ಗೆ ಕುಂದುವಾಡ ಕೆರೆ ಏರಿ ಮೇಲೆ ವಾಕಿಂಗ್ ಹೋಗುವವರು ಅವರು! ಇದು ಹೆಜ್ಜೆ ಎಣಿಸುತ್ತದಾ? ಎಲ್ಲಿಗೆ ಹೋಗುತ್ತಾರೆ ಅಂತಲೂ ಗೊತ್ತಾಗುತ್ತದಾ?

ಇಸಿಜಿ_ರೂಮು:
ಎಲ್ಲಿಗೆ ಹೋದರು ಅಂತ ಗೊತ್ತಾಗಲ್ಲ ಮೇಡಂ, ಅದರಲ್ಲಿ ಜಿಪಿಎಸ್ ಇಲ್ಲ. ಹೆಜ್ಜೆಯನ್ನೂ ಎಣಿಸುವುದಿಲ್ಲ. ಒಳಗೆ ಅಲುಗಾಟ ಗುರುತಿಸುವ ಸೆನ್ಸರ್ ಇರುತ್ತದೆ, ಮೊಬೈಲ್ ಅಡ್ಡ ಹಿಡಿದರೆ ಸ್ಕ್ರೀನ್ ತಿರುಗುತ್ತದಲ್ಲ, ಆ ಜಾತಿಯದು. ಅದನ್ನು ಇಟ್ಟಿರುವುದೇ ಬೇರೆ ಕೆಲಸಕ್ಕೆ: ನಡೆಯುವಾಗ ಎದೆಬಡಿತ ತಾನಾಗಿ ಏರದವರಿಗೆ ಮೈ ಅಲುಗಾಟ ನೋಡಿ ಬಡಿತ ಏರಿಸಲಿಕ್ಕೆ. ಪೇಸ್‌ಮೇಕರ್ ಜೊತೆ ಕೊಟ್ಟ ಕಾರ್ಡ್‌ನಲ್ಲಿ ಡಿಡಿಡಿಆರ್ ಅಥವಾ ವಿವಿಐಆರ್ ಅನ್ನುವ ಕೋಡ್ ಇದ್ದರೆ ಕೊನೆಯ 'ಆರ್' ಅದೇ. ಹೇಗೂ ಅಳೆಯುತ್ತದಲ್ಲ, ಲೆಕ್ಕವನ್ನೂ ಇಟ್ಟುಕೊಳ್ಳುತ್ತದೆ. ಆದರೆ ಅಲುಗಾಟ ಒಂದು ಮಟ್ಟ ದಾಟಿದರೆ ಮಾತ್ರ. ಮೆಲ್ಲಗೆ ಕಾಲೆಳೆದು ನಡೆದಿದ್ದು, ಬೆಂಚಿನ ಮೇಲೆ ಕೂತು ಹರಟಿದ್ದು, ಇವೆಲ್ಲ ಲೆಕ್ಕಕ್ಕೆ ಬರುವುದಿಲ್ಲ. ಅಪ್ಪಾಜಿ ಸುಳ್ಳು ಹೇಳುತ್ತಿಲ್ಲ, ಮಷಿನ್ನೂ ಸುಳ್ಳು ಹೇಳುತ್ತಿಲ್ಲ.

ದುರ್ಗದವನು:
ಇದು ನಿಜ. ನಮ್ಮ ದೊಡ್ಡಪ್ಪ ಕೋಟೆ ಮೆಟ್ಟಿಲು ಹತ್ತುವಾಗ ಏದುಸಿರು ಬಿಡುತ್ತಿದ್ದರು, ಇಳಿಯುವಾಗ ಬಡಿತ ಜಾಸ್ತಿ. ಉಲ್ಟಾ ಅಲ್ವಾ? ಇಳಿಯುವಾಗ ಮೈ ಕುಲುಕುವುದು ಹೆಚ್ಚು, ಸೆನ್ಸರ್‌ಗೆ ಅಷ್ಟೇ ಗೊತ್ತು ಅಂದರು ಡಾಕ್ಟರು. ಆಮೇಲೆ ಸೆಟ್ಟಿಂಗ್ ಸ್ವಲ್ಪ ಬದಲಾಯಿಸಿದರು. ಗುಂಡಿ ರಸ್ತೆಯಲ್ಲಿ ಬೈಕ್ ಹಿಂದೆ ಕೂತು ಹೋದರೂ ಅದಕ್ಕೆ ವ್ಯಾಯಾಮ ಅನಿಸಬಹುದು. ಮನೆಯಲ್ಲಿ ಸೈಕಲ್ ತುಳಿದರೆ ಎದೆ ಅಲುಗುವುದೇ ಇಲ್ಲ, ಅದು ಸುಮ್ನೆ ಕೂತ ಹಾಗೆ!

ದಾವಣಗೆರೆ_ಮಗಳು:
ಹಾಗಾದರೆ ಇದರಿಂದ ಏನು ಉಪಯೋಗ?

ಇಸಿಜಿ_ರೂಮು:
ಇದೆ. ಗಂಟೆ ಎಷ್ಟು ಅನ್ನುವುದನ್ನು ಬಿಡಿ, ರಿಪೋರ್ಟ್‌ನಲ್ಲಿ ಓಡಾಟದ ಗ್ರಾಫಿನ ಗೆರೆ ನೋಡಿ. ವಾಚ್ ಆದರೆ ವಯಸ್ಸಾದವರು ಬಿಚ್ಚಿಟ್ಟು ಮರೆಯುತ್ತಾರೆ, ಇದು ಹಗಲು ರಾತ್ರಿ ಒಳಗೇ ಇರುತ್ತದೆ, ಹಾಗಾಗಿ ಅವರದೇ ಹಿಂದಿನ ತಿಂಗಳುಗಳ ಜೊತೆ ಹೋಲಿಸಬಹುದು. ಪಕ್ಕದ ಮನೆಯವರ ಗ್ರಾಫಿನ ಜೊತೆ ಬೇಡ, ಒಂದೊಂದು ಕಂಪನಿಯ ಲೆಕ್ಕ ಒಂದೊಂದು ಥರ. ಗೆರೆ ಇಳಿಯುತ್ತಾ ಬಂದರೆ ಮಂಡಿ ನೋವಿರಬಹುದು, ಮಳೆಗೆ ಹೊರಗೆ ಹೋಗದೇ ಇದ್ದಿರಬಹುದು, ಹೃದಯದ ಪಂಪಿಂಗ್ ಕಡಿಮೆ ಆಗುತ್ತಿರಬಹುದು. ಜೊತೆಗೆ ಕಾಲು ಊತ, ತೂಕ ದಿಢೀರ್ ಏರುವುದು, ಮಲಗಿದರೆ ಉಸಿರು ಕಟ್ಟುವುದು ಇದ್ದರೆ ಮುಂದಿನ ಚೆಕಪ್‌ವರೆಗೆ ಕಾಯಬೇಡಿ.

ದಾವಣಗೆರೆ_ಮಗಳು:
ಊತ ಇಲ್ಲ. ಮಂಡಿ ನೋವು ಅಂತ ಯುಗಾದಿಯಿಂದ ಹೇಳುತ್ತಿದ್ದಾರೆ. ಗೆರೆ ಯಾವಾಗ ಇಳಿದಿದೆ ಅಂತ ಕೇಳಿ, ಪ್ರಿಂಟ್ ಇಸ್ಕೊಂಡು ಬರುತ್ತೇನೆ.