ತೂಕ ಹೆಚ್ಚಿದಾಗ ತೂಕ ಇಳಿಯಿತು: ಇದನ್ನು ಬರೆಯುವುದು ಹೇಗೆ?

ಎಲ್ಲರಿಗೂ ನಮಸ್ಕಾರ.

ಉಡುಪಿಯ ಹೈಸ್ಕೂಲ್ ಮಕ್ಕಳಿಗಾಗಿ ಒಂದು ಸಣ್ಣ ವಿಜ್ಞಾನ ಪುಸ್ತಿಕೆ ಬರೆಯುತ್ತಿದ್ದೇನೆ. ಭೂಮಿಯಲ್ಲಿ ಇರುವುದಕ್ಕಿಂತ ಜಾಸ್ತಿ ಗುರುತ್ವದಲ್ಲಿ ಪ್ರಾಣಿಗಳನ್ನು ಇಟ್ಟರೆ ಅವುಗಳ ಹಾರ್ಮೋನ್ ಗ್ರಂಥಿಗಳಿಗೆ ಏನಾಗುತ್ತದೆ ಎನ್ನುವುದು ಅದರ ಒಂದು ಪಾಠ. ವಿಷಯದಲ್ಲಿ ತೊಂದರೆ ಇಲ್ಲ, ಪದಗಳು ಕೈಕೊಡುತ್ತಿವೆ.

ಪ್ರಯೋಗ ಹೀಗೆ. ಉದ್ದ ತೋಳಿನ ಸೆಂಟ್ರಿಫ್ಯೂಜ್ ಯಂತ್ರದ ತುದಿಗೆ ಇಲಿಗಳ ಗೂಡನ್ನು ತೂಗುಹಾಕಿ ದಿನಗಟ್ಟಲೆ, ವಾರಗಟ್ಟಲೆ ತಿರುಗಿಸುತ್ತಾರೆ. ಜಾತ್ರೆಯಲ್ಲಿ ಸರಪಳಿಗೆ ಕಟ್ಟಿದ ಕುರ್ಚಿಗಳು ಸುತ್ತುತ್ತಾ ಹೊರಕ್ಕೆ ವಾಲುತ್ತವಲ್ಲ, ಹಾಗೆ ಗೂಡೂ ವಾಲುತ್ತದೆ. ತೋಳು ಎರಡೂವರೆ ಮೀಟರ್ ಇದ್ದರೆ ನಿಮಿಷಕ್ಕೆ ಸುಮಾರು 25 ಸುತ್ತು ಸಾಕು, ಇಲಿಗೆ ತನ್ನ ಮೈ ಎರಡು ಪಟ್ಟು ಭಾರವಾಗುತ್ತದೆ. ಇದನ್ನು 2 ಜಿ ಎನ್ನುತ್ತಾರೆ. (ಮಕ್ಕಳು ಇದನ್ನು ಹಳೇ ಮೊಬೈಲ್ ಅಂದುಕೊಳ್ಳುವುದು ಖಂಡಿತ.)

‘ಗುರುತ್ವಾಕರ್ಷಣೆ ಹೆಚ್ಚಿಸಿದರು’ ಎಂದು ಬರೆಯಲು ಮನಸ್ಸಿಲ್ಲ. ಭೂಮಿಯ ಎಳೆತವನ್ನು ಯಾರೂ ಹೆಚ್ಚಿಸಿಲ್ಲ. ‘ಅತಿಗುರುತ್ವ’ ಎಂದರೆ ಅತಿವೃಷ್ಟಿ, ಅತಿಯಾಸೆಗಳ ಸಾಲಿಗೆ ಸೇರಿ, ಕೆಟ್ಟದ್ದು ಎಂದು ಮೊದಲೇ ತೀರ್ಪು ಕೊಟ್ಟಂತೆ. ಗುರು ಎಂದರೇ ಭಾರ. ಹಾಗಾಗಿ ಸುಮ್ನೆ ‘ಹೆಚ್ಚಿದ ಗುರುತ್ವ’ ಎಂದು ಬರೆದಿದ್ದೇನೆ.

ನಿಜವಾದ ತೊಡಕು ‘ತೂಕ’. 2 ಜಿಯಲ್ಲಿ ಇಲಿಯ ತೂಕ ಎರಡು ಪಟ್ಟು. ಆದರೆ ಮೊದಲ ಕೆಲವು ದಿನ ಅದು ಸರಿಯಾಗಿ ತಿನ್ನುವುದಿಲ್ಲ, ಸೊರಗುತ್ತದೆ. ಅಂದರೆ ತೂಕ ಇಳಿಯುತ್ತದೆ! ಪಠ್ಯಪುಸ್ತಕದ ‘ದ್ರವ್ಯರಾಶಿ’ ಹಾಕಿದರೆ ಲೆಕ್ಕ ಸರಿಹೋಗುತ್ತದೆ, ನಿಜ. ಆದರೆ ‘ಇಲಿಯ ದ್ರವ್ಯರಾಶಿ ಕಡಿಮೆಯಾಯಿತು’ ಎಂದು ಯಾರು ಮಾತಾಡುತ್ತಾರೆ? ಯಂತ್ರದೊಳಗಿನದಕ್ಕೆ ‘ಭಾರ’, ತಕ್ಕಡಿಯಲ್ಲಿ ಅಳೆಯುವುದಕ್ಕೆ ‘ತೂಕ’ ಎಂದು ಬೇರೆ ಮಾಡಿದರೆ ಹೇಗೆ? ಇನ್ನೊಂದು ವಾಕ್ಯ ಇದಕ್ಕಿಂತ ಮೋಸದ್ದು: ‘ಅಡ್ರಿನಲ್ ಗ್ರಂಥಿಯ ತೂಕ ಹೆಚ್ಚಿತ್ತು.’ (ಮೂತ್ರಪಿಂಡದ ಮೇಲೆ ಕೂತಿರುವ ಸಣ್ಣ ಹಾರ್ಮೋನ್ ಗ್ರಂಥಿ ಅದು.) ಗುರುತ್ವ ಹೆಚ್ಚಿದರೆ ಎಲ್ಲದರ ತೂಕವೂ ಹೆಚ್ಚುತ್ತದೆ, ಅದರಲ್ಲೇನಿದೆ ಎಂದು ಜಾಣ ಹುಡುಗಿ ಕೇಳುತ್ತಾಳೆ. ಹೇಳಬೇಕಾದದ್ದು ಬೇರೆ. ಗ್ರಂಥಿಯನ್ನು ಹೊರತೆಗೆದು ಮಾಮೂಲಿ ತಕ್ಕಡಿಯಲ್ಲಿ ಇಟ್ಟಾಗಲೂ ಅದು ಹೆಚ್ಚು ತೂಗುತ್ತದೆ. ಅದಕ್ಕೇ ‘ಗ್ರಂಥಿ ಬೆಳೆದಿತ್ತು’ ಎಂದು ತಿದ್ದಿದೆ.

ಯಾಕೆ ಬೆಳೆಯಿತು? ಇಲ್ಲಿ ‘ಒತ್ತಡ’ ಕಾಲಿಗೆ ತೊಡರುತ್ತದೆ. ಗಾಳಿಯ ಒತ್ತಡ, ರಕ್ತದ ಒತ್ತಡ, ಕೆಲಸದ ಒತ್ತಡ, ಎಲ್ಲಕ್ಕೂ ನಮಗೆ ಒಂದೇ ಪದ. ‘ಹೆಚ್ಚಿದ ಗುರುತ್ವದಿಂದ ಒತ್ತಡದ ಹಾರ್ಮೋನ್ ಏರಿತು’ ಎಂದು ಓದಿದವರು, ಭಾರ ಬಿದ್ದು ಗ್ರಂಥಿ ಹಿಂಡಿಹೋಗಿ ರಸ ಹೊರಬಂತು ಎಂದೇ ತಿಳಿಯುತ್ತಾರೆ. ಹಾಗಲ್ಲ. ಮಿದುಳಿನ ಹೈಪೊಥಾಲಮಸ್ ಎಂಬ ಭಾಗ ತನ್ನ ಕೆಳಗಿರುವ ಪಿಟ್ಯುಟರಿ ಗ್ರಂಥಿಗೆ ಹೇಳುತ್ತದೆ. ಪಿಟ್ಯುಟರಿ ರಕ್ತಕ್ಕೆ ಎಸಿಟಿಎಚ್ ಎಂಬ ಹಾರ್ಮೋನ್ ಬಿಡುತ್ತದೆ. ಅದು ತಲುಪಿದಾಗ ಅಡ್ರಿನಲ್ ಗ್ರಂಥಿ ಒತ್ತಡದ ಹಾರ್ಮೋನ್ ಸುರಿಸುತ್ತದೆ, ಇಲಿಯಲ್ಲಿ ಅದು ಕಾರ್ಟಿಕೋಸ್ಟಿರೋನ್. ನಮ್ಮಲ್ಲಾದರೆ ಕಾರ್ಟಿಸೋಲ್. ಮೇಲಿನಿಂದ ಹೀಗೆ ತಾಕೀತು ಬರುತ್ತಲೇ ಇದ್ದರೆ ಗ್ರಂಥಿ ದಪ್ಪಗಾಗುತ್ತದೆ. ಹಾನ್ಸ್ ಸೆಲ್ಯೆ ಎಂಬ ವಿಜ್ಞಾನಿ 1936ರಲ್ಲೇ ಇದನ್ನು ಇಲಿಗಳಲ್ಲಿ ತೋರಿಸಿದ್ದ. ಚಳಿ, ಗಾಯ, ವಿಪರೀತ ದಣಿವು, ಏನೇ ಕೊಟ್ಟರೂ ಅಡ್ರಿನಲ್ ಹಿಗ್ಗುತ್ತಿತ್ತು, ಎದೆಯೊಳಗಿನ ಥೈಮಸ್ ಗ್ರಂಥಿ ಕುಗ್ಗುತ್ತಿತ್ತು. ಚಳಿಗೆ ಯಾವ ಭಾರ ಇದೆ ಹೇಳಿ? ಹಾಗಾಗಿ ನನ್ನ ಮತ ‘ಸ್ಟ್ರೆಸ್ ಹಾರ್ಮೋನ್’ ಕಡೆಗೆ. ಮಂಗಳೂರಿನ ಡಾಕ್ಟರೂ ಅದನ್ನೇ ಹೇಳುತ್ತಾರೆ, ರೋಗಿಯೂ ಅದನ್ನೇ ಹೇಳುತ್ತಾರೆ. ಶುದ್ಧ ಕನ್ನಡದವರು ಬೈದರೆ ಬೈಯಲಿ.

ಒಂದು ಪದ ಮಾತ್ರ ತಾನಾಗಿ ಕೂತಿತು: ‘ಒಗ್ಗಿಕೊಳ್ಳುವುದು’. ಶುರುವಿನಲ್ಲಿ ಏರಿದ ಕಾರ್ಟಿಕೋಸ್ಟಿರೋನ್, ಇಲಿ ಒಗ್ಗಿಕೊಂಡಂತೆ ಇಳಿಯುತ್ತದೆ.

ಇನ್ನು ಕಿವಿಯ ಮಾತು. ಭಾರ ಹೆಚ್ಚಿದ್ದು ಮಿದುಳಿಗೆ ಗೊತ್ತಾಗುವ ಒಂದು ಮುಖ್ಯ ದಾರಿ ಒಳಕಿವಿ. ಅಲ್ಲಿ ಸುಣ್ಣದ ಸಣ್ಣ ಹರಳುಗಳು ಇರುತ್ತವೆ. ಸಾಮಾನ್ಯ ಇಲಿಯನ್ನು 2 ಜಿಗೆ ಹಾಕಿದರೆ ಮೈಬಿಸಿ ಇಳಿಯುತ್ತದೆ. ಹುಟ್ಟಿನಿಂದಲೇ ಈ ಹರಳು ಇಲ್ಲದ ಇಲಿಗಳಲ್ಲಿ ಹಾಗೆ ಇಳಿಯಲಿಲ್ಲ ಎಂದು 2002ರ ಒಂದು ಅಧ್ಯಯನ ತೋರಿಸಿತು. ಮೈಬಿಸಿಯ ಮಟ್ಟಿಗಾದರೂ, ಮೈಮೇಲೆ ಬಿದ್ದ ಭಾರಕ್ಕಿಂತ ಕಿವಿ ಕೊಟ್ಟ ಸುದ್ದಿಯೇ ದೊಡ್ಡದು ಅಂತಾಯಿತು. ಪಾಠದಲ್ಲಿ ನನಗೆ ತುಂಬಾ ಇಷ್ಟವಾದ ಭಾಗ ಇದು. ಈ ಹರಳಿಗೆ ಸದ್ಯ ‘ಕಿವಿಕಲ್ಲು’ ಎಂದು ಬರೆದಿಟ್ಟಿದ್ದೇನೆ. ಮೀನಿನ ತಲೆಯೊಳಗೂ ಇಂಥದ್ದೇ ಇರುತ್ತದೆ, ಕೊಡ್ಡಾಯಿ ಮೀನಿನಲ್ಲಂತೂ ಕಣ್ಣಿಗೆ ಕಾಣುವಷ್ಟು ದೊಡ್ಡದು.

‘ಭಾರ’ ಮತ್ತು ‘ತೂಕ’ ಹೀಗೆ ಬೇರೆಮಾಡಿದರೆ ಪಾಠ ಮಾಡುವವರಿಗೆ ಕಿರಿಕಿರಿ ಆಗುತ್ತದಾ? ‘ಸ್ಟ್ರೆಸ್’ಗೆ ಬೇರೆ ಒಳ್ಳೆಯ ಪದ ಬಳಕೆಯಲ್ಲಿ ಉಂಟಾ? ಮಲ್ಪೆ, ಗಂಗೊಳ್ಳಿ ಕಡೆಯವರು ಇಲ್ಲಿದ್ದರೆ, ಮೀನಿನ ತಲೆಯ ಆ ಕಲ್ಲಿಗೆ ನಿಮ್ಮಲ್ಲಿ ಏನೆನ್ನುತ್ತಾರೆ, ದಯವಿಟ್ಟು ತಿಳಿಸಿ. ತುಳು, ಕೊಂಕಣಿ ಪದವಾದರೂ ಆದೀತು.