ಪರ್ಲ್‌ಗೆ ಡಿಬಿಡಿ-ಮೈಎಸ್‌ಕ್ಯೂಎಲ್ ಕೂರ್ತಿಲ್ಲ, ಡೆಬಿಯನ್ 12

ತಿಕೋಟಾದಿಂದ
ನಮಸ್ಕಾರ. ನಮ್ಮ ಮಾವನವರ ಒಣದ್ರಾಕ್ಷಿ ಕೋಲ್ಡ್ ಸ್ಟೋರೇಜ್ ಲೆಕ್ಕ ನಾನು ನೋಡ್ಕೋತೀನಿ. ಯಾವ ರೈತರ ಎಷ್ಟು ಬಾಕ್ಸ್ ಯಾವ ಚೇಂಬರ್‌ನಲ್ಲಿದೆ, ಬಾಡಿಗೆ ಎಷ್ಟಾಯ್ತು, ಎಲ್ಲ ಒಂದು ಹಳೇ ಪರ್ಲ್ ಸ್ಕ್ರಿಪ್ಟ್ ಮೇಲೆ ನಡೆಯುತ್ತೆ. ಹಳೇ ಕಂಪ್ಯೂಟರ್ ಕೈಕೊಟ್ಟಿತು. ಹೊಸದಕ್ಕೆ ಡೆಬಿಯನ್ 12 ಲಿನಕ್ಸ್, ಮೈಎಸ್‌ಕ್ಯೂಎಲ್‌ನಿಂದ ಕವಲೊಡೆದ ಡೇಟಾಬೇಸ್ ಮರಿಯಾಡಿಬಿ ಹಾಕಿ ಬ್ಯಾಕಪ್ ಇಳಿಸಿದೆ. ಪರ್ಲ್ ಮಾಡ್ಯೂಲ್‌ಗಳ ಭಂಡಾರ ಸೀಪ್ಯಾನ್‌ನಿಂದ, ಸ್ಕ್ರಿಪ್ಟನ್ನು ಡೇಟಾಬೇಸ್‌ಗೆ ಜೋಡಿಸುವ ಡಿಬಿಡಿ-ಮೈಎಸ್‌ಕ್ಯೂಎಲ್ ಡ್ರೈವರ್ ಹಾಕಲು ಹೋದರೆ, ಮೊದಲು ಮೈಎಸ್‌ಕ್ಯೂಎಲ್-ಕಾನ್ಫಿಗ್ ಅನ್ನೋ ಪ್ರೋಗ್ರಾಂ ಇಲ್ಲ ಅಂತು. ಡೆವಲಪ್‌ಮೆಂಟ್ ಪ್ಯಾಕೇಜ್ ಹಾಕಿದೆ. ಈಗ ಮರಿಯಾಡಿಬಿ ನಡೆಯಲ್ಲ ಅಂತಿದೆ. ರೈತರು ಮಾಲು ಬಿಡಿಸಿಕೊಳ್ಳಲು ಬರ್ತಿದ್ದಾರೆ, ಸದ್ಯ ಕೈಬರಹದ ಚೀಟಿ ಕೊಟ್ಟು ಕಳಿಸ್ತಿದ್ದೇನೆ. ದಯವಿಟ್ಟು ದಾರಿ ಹೇಳಿ.

ಬೆಳಗಾವಿಯಿಂದ
ಮರಿಯಾಡಿಬಿಗೇ ಇರುವ ಡ್ರೈವರ್ ಡಿಬಿಡಿ-ಮರಿಯಾಡಿಬಿ ಹಾಕಿ ಸರ್. 2018ರಿಂದ ಇದೆ, ಡೆಬಿಯನ್‌ನ ಪ್ಯಾಕೇಜ್ ಹಾಕುವ ಆಪ್ಟ್‌ನಲ್ಲೇ ಸಿಗುತ್ತೆ.

ಬಾಗಲಕೋಟೆಯಿಂದ
ಅದು ಒಳ್ಳೇದೇ. ಆದರೆ ಕನೆಕ್ಷನ್ ಸಾಲು ಬದಲಾಗಬೇಕು, ಸ್ಕ್ರಿಪ್ಟ್‌ನಲ್ಲಿ ಮೈಎಸ್‌ಕ್ಯೂಎಲ್-ಇನ್ಸರ್ಟ್‌ಐಡಿ ಥರದ ಹಳೇ ಡ್ರೈವರ್‌ನ ಹೆಸರುಗಳನ್ನೆಲ್ಲ ಹುಡುಕಿ ತಿದ್ದಬೇಕು. ರೈತರು ಬಾಗಿಲಲ್ಲಿ ನಿಂತಿರುವಾಗ ಬೇಡ. ಸೀಸನ್ ಮುಗಿದ ಮೇಲೆ ಮಾಡಿ.

ನಿಮ್ಮ ತೊಂದರೆಯ ಮೂಲ ಇಷ್ಟು ಅಣ್ಣ. ಡಿಬಿಡಿ-ಮೈಎಸ್‌ಕ್ಯೂಎಲ್ 5ರಿಂದ ಮೈಎಸ್‌ಕ್ಯೂಎಲ್‌ನ ಸ್ವಂತ ಲೈಬ್ರರಿಯೇ ಬೇಕು. ಡೆಬಿಯನ್ ಕೊಡೋದು ಮರಿಯಾಡಿಬಿಯ ಲೈಬ್ರರಿ. ಸೀಪ್ಯಾನ್ ಹೊಸ ಆವೃತ್ತಿಯನ್ನೇ ಎಳೆದು ತರುತ್ತೆ, ಎರಡಕ್ಕೂ ತಾಳೆಯಾಗಲ್ಲ.

ಸೀಪ್ಯಾನ್ ಬಿಟ್ಟುಬಿಡಿ. ಆಪ್ಟ್‌ನಲ್ಲಿ ಲಿಬ್‌ಡಿಬಿಡಿ-ಮೈಎಸ್‌ಕ್ಯೂಎಲ್-ಪರ್ಲ್ ಅಂತ ಪ್ಯಾಕೇಜ್ ಇದೆ. ಡೆಬಿಯನ್ 12ರಲ್ಲಿ ಅದು 4.050, ಮರಿಯಾಡಿಬಿ ಜತೆಗೇ ಬಿಲ್ಡ್ ಆಗಿದೆ. ಡ್ರೈವರ್‌ಗೆ ಬೇಕಾದ ಪರ್ಲ್‌ನ ಮೂಲ ಡೇಟಾಬೇಸ್ ಮಾಡ್ಯೂಲ್ ಡಿಬಿಐ ಕೂಡ ಜತೆಗೇ ಬರುತ್ತೆ. ಸ್ಕ್ರಿಪ್ಟ್‌ನ ಮೊದಲ ಸಾಲು ಸಿಸ್ಟಮ್ ಪರ್ಲ್ ಅನ್ನೇ ತೋರಿಸ್ತಿದೆಯಾ ನೋಡಿ. ಬೇರೆ ಪರ್ಲ್ ಹಾಕಿಕೊಂಡಿದ್ದರೆ ಅದಕ್ಕೆ ಈ ಡ್ರೈವರ್ ಕಾಣಿಸಲ್ಲ.

ತಿಕೋಟಾದಿಂದ
ಕನೆಕ್ಟ್ ಆಯ್ತು! ಬಹಳ ಉಪಕಾರ ಆಯ್ತು ಅಣ್ಣ. ಲಾಟ್ ನಂಬರ್, ತೂಕ, ಬಾಡಿಗೆ ಎಲ್ಲ ಸರಿ ಇದೆ. ರೈತರ ಹೆಸರಿದ್ದ ಕಡೆ ಮಾತ್ರ ಬರೀ ????? ಬರ್ತಿದೆ. ಹೆಸರೆಲ್ಲ ಮತ್ತೆ ಟೈಪ್ ಮಾಡಬೇಕಾ?

ಬಾಗಲಕೋಟೆಯಿಂದ
ಬೇಡ ಬೇಡ, ಏನನ್ನೂ ಸೇವ್ ಮಾಡಬೇಡಿ! ಟೇಬಲ್‌ನಲ್ಲಿ ಹೆಸರು ಸರಿಯಾಗಿಯೇ ಇರಬಹುದು. ಕನೆಕ್ಷನ್ ಲ್ಯಾಟಿನ್1 ಅನ್ನೋ ಹಳೇ ಅಕ್ಷರ ಸಂಕೇತದಲ್ಲಿ ತೆರೆದರೆ ಅದರಲ್ಲಿ ಕನ್ನಡಕ್ಕೆ ಜಾಗವೇ ಇಲ್ಲ, ಅದಕ್ಕೇ ಪ್ರಶ್ನಾರ್ಥಕ ಬರೋದು. ಆ ಸಾಲನ್ನು ಹಾಗೇ ಸೇವ್ ಮಾಡಿದರೆ ????? ಟೇಬಲ್‌ಗೇ ಹೋಗುತ್ತೆ, ಆ ಹೆಸರು ಬ್ಯಾಕಪ್‌ನಿಂದ ಬಿಟ್ಟರೆ ವಾಪಸ್ ಬರಲ್ಲ.

ಕನೆಕ್ಟ್ ಮಾಡುವ ಕಡೆ ಮೈಎಸ್‌ಕ್ಯೂಎಲ್-ಎನೇಬಲ್-ಯುಟಿಎಫ್8ಎಂಬಿ4 ಅನ್ನೋ ಆಯ್ಕೆಗೆ 1 ಕೊಡಿ. ಪ್ರಿಂಟ್ ಆಗುವ ಮುಂಚೆ ಪರ್ಲ್‌ನ ಬಿನ್‌ಮೋಡ್ ಆಜ್ಞೆಯಲ್ಲಿ ಔಟ್‌ಪುಟ್ ಅನ್ನು ಕನ್ನಡಕ್ಕೂ ಜಾಗವಿರುವ ಯುಟಿಎಫ್-8 ಮಾಡಿ. ಒಂದೇ ಒಂದು ರಸೀದಿ ತೆಗೆದು, ಹೆಸರು ಸರಿ ಬಂತಾ ಹೇಳಿ.