ಇರೇಡಿಯೇಶನ್, ಕಂಟ್ಯಾಮಿನೇಶನ್: ಎರಡೂ ಒಂದೇನಾ?

ಎಡಿಸನ್ ಸೊಸೆ: ಇಲ್ಲಿ ನ್ಯೂಜೆರ್ಸಿಯಲ್ಲಿ ಕೇಸರ್ ಮಾವಿನ ಬಾಕ್ಸ್ ತಂದೆವು. ಮೇಲೆ ‘ಟ್ರೀಟೆಡ್ ವಿತ್ ಇರೇಡಿಯೇಶನ್’ ಅಂತಿದೆ. ಅತ್ತೆ ಓದಿದವರೇ ಮಗುವಿಗೆ ಕೊಡಬೇಡ ಅಂತ ಎತ್ತಿಟ್ಟಿದ್ದಾರೆ. ಫುಕುಶಿಮಾ ಸುದ್ದಿಯಲ್ಲಿ ಕಂಟ್ಯಾಮಿನೇಶನ್ ಅಂತಿದ್ದರಲ್ಲ, ಅದೂ ಇದೇನಾ?

ಸುಮ್ನೆ ಬಂದೆ: ಎರಡೂ ಒಂದೇ ಇರಬೇಕು. ಚೆನ್ನಾಗಿ ತೊಳೆದು ತಿನ್ನಿ.

ಗಾಮಾ ರೂಮ್: ತೊಳೆಯೋಕೆ ಅದರಲ್ಲಿ ಏನೂ ಇಲ್ಲ ಸ್ವಾಮಿ! ನಾನು ನ್ಯೂಕ್ಲಿಯರ್ ಮೆಡಿಸಿನ್ ಟೆಕ್ನಾಲಜಿಸ್ಟ್. ಕಿರಣ ಮೈಮೇಲೆ ಬಿದ್ದರೆ ಇರೇಡಿಯೇಶನ್. ಕಿರಣ ಸೂಸುವ ವಸ್ತುವೇ ಮೈಗೆ, ಬಟ್ಟೆಗೆ ಹತ್ತಿದರೆ ಅಥವಾ ಹೊಟ್ಟೆಗೆ ಹೋದರೆ ಕಂಟ್ಯಾಮಿನೇಶನ್.

ಮಾವಿಗೆ ಸಾಮಾನ್ಯವಾಗಿ ಕೋಬಾಲ್ಟ್-60 ಅನ್ನುವ, ಕಿರಣ ಸೂಸುವ ಲೋಹದ ಗಾಮಾ ಕಿರಣ ಹಾಯಿಸುತ್ತಾರೆ. ಕೋಬಾಲ್ಟ್ ಸ್ಟೀಲ್ ಕೊಳವೆಯಲ್ಲಿ ಸೀಲ್ ಆಗಿರುತ್ತದೆ, ಹಣ್ಣಿಗೆ ತಾಗುವುದೇ ಇಲ್ಲ. ವಾಟೆಯೊಳಗಿನ ಹುಳು ಮುಂದೆ ಮರಿ ಮಾಡಬಾರದು, ಅದಕ್ಕೇ ಕನಿಷ್ಠ 400 ಗ್ರೇ (ಹಣ್ಣು ಹೀರುವ ಕಿರಣದ ಅಳತೆ). ನಮ್ಮ ಮಾವು 2007ರಿಂದ ಅಮೆರಿಕಕ್ಕೆ ಹೀಗೇ ಬರುತ್ತಿದೆ. ಧಾರಾಳವಾಗಿ ಕೊಡಿ.

ನಮ್ಮಲ್ಲಿ ಸ್ಕ್ಯಾನ್‌ಗೆ ಕೊಡುವ, ಕಿರಣ ಸೂಸುವ ಟೆಕ್ನೀಷಿಯಂ ಇಂಜೆಕ್ಷನ್‌ನ ಒಂದು ಹನಿ ಟ್ರೇ ಮೇಲೆ ಬಿದ್ದರೆ ನೋಡಲು ಬರೀ ನೀರು. ಕಿರಣ ಪತ್ತೆ ಮಾಡುವ ಮೀಟರ್ ಹತ್ತಿರ ಹಿಡಿದರೆ ಟಿಕ್ ಟಿಕ್ ಹೋಗಿ ಗರ್ರ್ ಅಂತ ಒಂದೇ ಸಮನೆ ಕೂಗುತ್ತದೆ. ಹೀರುವ ಪೇಪರ್ ಹಾಕಿ ಅಂಚಿನಿಂದ ಒಳಕ್ಕೆ ಒರೆಸಬೇಕು. ಒಳಗಿಂದ ಹೊರಕ್ಕೆ ಒರೆಸಿದರೆ ಇನ್ನೂ ಜಾಸ್ತಿ ಹರಡುತ್ತದೆ. ಹೊಸಬರು ಮಾಡುವುದೇ ಅದು. ಅದೇ ಮೀಟರನ್ನು ಎಕ್ಸ್‌ರೇ ತೆಗೆಸಿಕೊಂಡು ಬಂದವರ ಮೇಲೆ ಹಿಡಿಯಿರಿ, ಅದು ಜಗ್ಗುವುದಿಲ್ಲ.

ಹಾಸನದ ಹುಡುಗ: ಹಾಗಾದ್ರೆ ಇದು ಹೇಳಿ ಸರ್. ಚಿಕ್ಕಪ್ಪನಿಗೆ ಕ್ಯಾನ್ಸರ್ ಅಂತ ಮೆಷಿನ್ನಲ್ಲಿ ರೇಡಿಯೇಶನ್ ಕೊಟ್ಟು ಅವತ್ತೇ ಮನೆಗೆ ಕಳಿಸಿದರು. ಅತ್ತಿಗೆಗೆ ಥೈರಾಯ್ಡ್‌ಗೆ ಅಯೋಡಿನ್ ಕೊಟ್ಟು, ಮಗುವಿನಿಂದ ದೂರ ಇರಿ ಅಂದಿದ್ದಾರೆ. ಯಾಕೆ?

ಗಾಮಾ ರೂಮ್: ಮೆಷಿನ್ ಆಫ್ ಆದ ಕೂಡಲೇ ಚಿಕ್ಕಪ್ಪನದು ಮುಗಿಯಿತು. ಅವರು ಮೊಮ್ಮಕ್ಕಳನ್ನು ಎತ್ತಿಕೊಳ್ಳಬಹುದು. ಅತ್ತಿಗೆ ಕಿರಣ ಸೂಸುವ ಅಯೋಡಿನ್-131 ನುಂಗಿದ್ದಾರೆ. ಅದು 8 ದಿನಕ್ಕೆ ಅರ್ಧವಾಗುತ್ತದೆ. ಅದು ಮೈಯಲ್ಲಿ ಇರುವಷ್ಟು ದಿನ ಒಳಗಿಂದ ಕಿರಣ ಬರುತ್ತಲೇ ಇರುತ್ತದೆ, ಬೆವರು, ಜೊಲ್ಲು, ಮೂತ್ರದಲ್ಲಿ ಅಯೋಡಿನ್ನೂ ಹೊರಬರುತ್ತದೆ. ಅವರು ಪಕ್ಕದಲ್ಲಿ ಕೂತರೆ ಮಗುವಿಗೆ ಇರೇಡಿಯೇಶನ್. ಅವರ ಎಂಜಲು ಲೋಟದಲ್ಲಿ ಮಗು ಕುಡಿದರೆ ಕಂಟ್ಯಾಮಿನೇಶನ್. ಅದಕ್ಕೇ ತಟ್ಟೆ ಲೋಟ ಬೇರೆ, ಟಾಯ್ಲೆಟ್‌ನಲ್ಲಿ ಎರಡು ಸಲ ಫ್ಲಶ್. ಎಷ್ಟು ದಿನ ಅನ್ನುವುದು ಡೋಸ್ ಮೇಲೆ, ಅವರ ಡಾಕ್ಟರನ್ನೇ ಕೇಳಿ.

ಕಾರವಾರ ಕಡೆಯವ: 2009ರಲ್ಲಿ ನಮ್ಮ ಕೈಗಾ ಅಣುಸ್ಥಾವರದಲ್ಲಿ ಕುಡಿಯುವ ಕೂಲರ್ ನೀರಿಗೆ ಟ್ರೀಟಿಯಂ (ಕಿರಣ ಸೂಸುವ ಹೈಡ್ರೋಜನ್) ಸೇರಿತ್ತಲ್ಲ, ಅದು?

ಗಾಮಾ ರೂಮ್: ಕಂಟ್ಯಾಮಿನೇಶನ್, ಅದೂ ಒಳಗಿನದು. ಕೆಲಸಗಾರರ ಮೂತ್ರ ಪರೀಕ್ಷೆಯಲ್ಲಿ ಸಿಕ್ಕಿಬಿತ್ತು. ಟ್ರೀಟಿಯಂನ ಬೀಟಾ ಕಿರಣ ಚರ್ಮ ದಾಟಲ್ಲ, ಮೈಮೇಲೆ ಮೀಟರ್ ಹಿಡಿದರೆ ಏನೂ ಗೊತ್ತಾಗುತ್ತಿರಲಿಲ್ಲ.